ವಿಷೂಚಿಯ ವಿಷವನ್ನು ಕಂಡುಹಿಡಿದ ಡಾ. ಶಂಭುನಾಥ ದೇ

ಕ್ಷೀರಸಾಗರವನ್ನು ಕಡೆದಾಗ ಅಮೃತಕ್ಕೆ ಮೊದಲು ಹಾಲಾಹಲವು ಹುಟ್ಟಿತೆಂದೂ, ಲೋಕವು ಬೆಂದುಹೋಗದಂತೆ ಶಿವನು ಅದನ್ನು ಕಂಠದಲ್ಲಿ ಧರಿಸಿ ನಂಜುಂಡನಾದನೆಂದೂ ಪುರಾಣಗಳು ಹೇಳುತ್ತವೆ. ವಿಷವನ್ನು ಹಿಡಿಯುವವರಿಲ್ಲದೆ ಅಮೃತವು ಯಾರ ಕೈಗೂ ಸಿಕ್ಕಲಿಲ್ಲವೆಂಬುದು ಆ ಕಥೆಯ ಸಾರ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಆ ದೇವನ ಹೆಸರನ್ನೇ ಹೊತ್ತಿದ್ದ ಬಂಗಾಳದ ವೈದ್ಯರೊಬ್ಬರು, ಅಸಂಖ್ಯಾತ ಜನರನ್ನು ಬಲಿತೆಗೆದುಕೊಂಡಿದ್ದ ವಾಂತಿಭೇದಿಯ ವಿಷವನ್ನು ಮೊಲದ ಕರುಳಿನ ಒಂದು ತುಂಡಿನಲ್ಲಿ ಹಿಡಿದು ತೋರಿಸಿದರು. ಅವರೇ ಡಾ. ಶಂಭುನಾಥ ದೇ. ಅವರ ಕಾರ್ಯವನ್ನು ಲೋಕವು ನಿಧಾನವಾಗಿ ಅರಿಯಿತು. ಸ್ವದೇಶವು ಇನ್ನೂ ನಿಧಾನವಾಗಿ ಅರಿಯಿತು. ಅವರು ಹಿಡಿದ ವಿಷದ ಹುಟ್ಟಿನ ರಹಸ್ಯವಂತೂ ಅವರು ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆಯೇ ಬೆಳಕಿಗೆ ಬಂದಿತು.

ಶಂಭುನಾಥರು 1915ನೆಯ ಇಸವಿ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ದಾಶರಥಿ ದೇ ಅವರು ವ್ಯಾಪಾರ ಮಾಡುತ್ತಿದ್ದರೂ ಅದು ಅವರ ಕೈಹಿಡಿಯಲಿಲ್ಲ. ಮನೆಯಲ್ಲಿ ಅನುಕೂಲವಿರಲಿಲ್ಲ, ಆದರೆ ಹುಡುಗನ ಬುದ್ಧಿಯನ್ನು ಗುರುತಿಸಿದ ಹಿರಿಯರೊಬ್ಬರಿದ್ದರು. ಚಿಕ್ಕಪ್ಪ ಆಶುತೋಷ ದೇ ಅವರು ಬಾಲಕನ ವಿದ್ಯಾಭ್ಯಾಸಕ್ಕೆ ಆಸರೆಯಾದರು. ಗರಿಬಾಟಿಯ ಪ್ರೌಢಶಾಲೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ಶಂಭುನಾಥರಿಗೆ ಜಿಲ್ಲಾ ವಿದ್ಯಾರ್ಥಿವೇತನ ದೊರೆಯಿತು. ಅದರ ಬಲದಿಂದ ಅವರು ಹೂಗ್ಲಿಯ ಮೊಹ್ಸಿನ್ ಕಾಲೇಜನ್ನು ಸೇರಿದರು. ಅಲ್ಲಿಂದ ಮತ್ತೊಂದು ವಿದ್ಯಾರ್ಥಿವೇತನದ ಬಲದಿಂದ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನು ಹತ್ತಿದರು. ಈ ಎರಡು ಸಹಾಯಗಳಲ್ಲಿ ಒಂದು ತಪ್ಪಿದ್ದರೂ ಗರಿಬಾಟಿಯ ಹುಡುಗನು ಗರಿಬಾಟಿಯಲ್ಲಿಯೇ ಉಳಿಯುತ್ತಿದ್ದನೋ ಏನೋ. ಬಡ ವಿದ್ಯಾರ್ಥಿಯೊಬ್ಬನಿಗೆ ಸಕಾಲದಲ್ಲಿ ಸಲ್ಲುವ ಸಣ್ಣ ಮೊತ್ತವು ಮುಂದೆ ಎಲ್ಲಿ ಫಲ ಕೊಡುವುದೆಂಬುದನ್ನು ಕೊಟ್ಟವರೂ ಊಹಿಸಲಾರರು.

1939ರಲ್ಲಿ ವೈದ್ಯಕೀಯ ಪದವಿಯನ್ನೂ 1942ರಲ್ಲಿ ಉಷ್ಣವಲಯದ ರೋಗಗಳ ವಿಷಯದಲ್ಲಿ ಡಿಪ್ಲೊಮಾವನ್ನೂ ಪಡೆದ ಶಂಭುನಾಥರು, ತಾವು ಓದಿದ ಕಾಲೇಜಿನಲ್ಲಿಯೇ ರೋಗಶಾಸ್ತ್ರದ ಡಿಮಾನ್ಸ್ಟ್ರೇಟರ್ ಆಗಿ ಸೇರಿ, ಪ್ರಾಧ್ಯಾಪಕ ಬಿ. ಪಿ. ತ್ರಿವೇದಿಯವರ ಬಳಿ ಸಂಶೋಧನೆಯ ಮೊದಲ ಪಾಠಗಳನ್ನು ಕಲಿತರು. 1947ರಲ್ಲಿ ಲಂಡನ್ನಿಗೆ ತೆರಳಿ, ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಹೆಸರಾಂತ ರೋಗಶಾಸ್ತ್ರಜ್ಞ ರಾಯ್ ಕ್ಯಾಮರಾನ್ ಅವರ ಶಿಷ್ಯರಾದರು. ಶ್ವಾಸಕೋಶಗಳಲ್ಲಿ ನೀರು ತುಂಬಿಕೊಳ್ಳುವ ಬಗೆಯನ್ನು ಗುರುಶಿಷ್ಯರು ಕೂಡಿ ಪರೀಕ್ಷಿಸಿದರು. ದೇಹದೊಳಗಿನ ದ್ರವವು ತನ್ನ ಎಡೆಯನ್ನು ಬಿಟ್ಟು ಇರಬಾರದ ಕಡೆಗೆ ಹೇಗೆ ಒಸರುತ್ತದೆಂಬ ಪ್ರಶ್ನೆ ಅಲ್ಲಿಯೇ ಅವರ ಚಿತ್ತದಲ್ಲಿ ನೆಲೆಸಿತು. 1949ರಲ್ಲಿ ಪಿಎಚ್.ಡಿ. ಪದವಿಯೊಡನೆ ತಾಯ್ನಾಡಿಗೆ ಮರಳಿದಾಗ ಆ ಪ್ರಶ್ನೆಗೆ ತಕ್ಕ ರೋಗವು ಅವರ ಊರಿನಲ್ಲಿಯೇ ಕಾದಿತ್ತು.

ನಮ್ಮ ವೈದ್ಯಗ್ರಂಥಗಳಲ್ಲಿ ವಿಷೂಚಿ ಎಂದೂ ಜನರ ಬಾಯಲ್ಲಿ ವಾಂತಿಭೇದಿ ಎಂದೂ ಕರೆಯಿಸಿಕೊಂಡ ಕಾಲರಾ ರೋಗದ ಭೀಕರತೆಯನ್ನು ಹಿಂದಿನ ತಲೆಮಾರಿನವರು ಕಣ್ಣಾರೆ ಕಂಡಿದ್ದರು. ರೋಗಿಯ ದೇಹದಿಂದ ಅಕ್ಕಿ ತೊಳೆದ ನೀರಿನಂತಹ ದ್ರವವು ಎಡೆಬಿಡದೆ ಹೊರಟುಹೋಗುತ್ತದೆ. ಉಗ್ರಸ್ಥಿತಿಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ನಷ್ಟವಾಗುವುದುಂಟು. ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ನಾಡಿ ಕ್ಷೀಣಿಸಿ, ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲವಾಗುತ್ತಾನೆ. ಚಿಕಿತ್ಸೆಯಿಲ್ಲದಿದ್ದರೆ ತೀವ್ರವಾಗಿ ಪೀಡಿತರಾದವರಲ್ಲಿ ಅರ್ಧದಷ್ಟು ಮಂದಿ ಸಾಯುವುದುಂಟು. ಗಂಗಾನದಿಯ ಮುಖಜ ಭೂಮಿಯಾದ ಬಂಗಾಳವು ಈ ರೋಗದ ತವರೆಂದೇ ಹೆಸರಾಗಿತ್ತು.

1854ರಲ್ಲಿ ಇಟಲಿಯ ಫಿಲಿಪ್ಪೊ ಪಾಚಿನಿ ಎಂಬಾತನು ಈ ರೋಗದಿಂದ ಸತ್ತವರ ಕರುಳಿನಲ್ಲಿ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಸೂಕ್ಷ್ಮಜೀವಿಗಳನ್ನು ಕಂಡಿದ್ದನು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಗೇ ಬಂದು, ಆ ಜೀವಿಯನ್ನು ಬೇರ್ಪಡಿಸಿ ಬೆಳೆಸಿ, ಅದೇ ರೋಗಕಾರಣವೆಂದು ಸಾರಿದನು. ಈ ಜೀವಿಯು ಯಾವುದೋ ವಿಷವನ್ನು ಸ್ರವಿಸಿ ರೋಗವನ್ನುಂಟುಮಾಡುತ್ತಿರಬೇಕೆಂದೂ ಆತನು ಊಹಿಸಿದನು. ಊಹೆಯು ಊಹೆಯಾಗಿಯೇ 75 ವರ್ಷ ಉಳಿಯಿತು. ರೋಗಾಣು ಸತ್ತು ಒಡೆದಾಗ ಅದರ ಮೈಯೊಳಗಿನ ವಿಷವು ರಕ್ತಕ್ಕೆ ಸೇರಿ ದೇಹವನ್ನೆಲ್ಲ ಕೆಡಿಸುತ್ತದೆಂಬುದು ಬಹುಜನ ಪಂಡಿತರ ಮತವಾಯಿತು. ಅವರು ರೋಗಾಣುಗಳನ್ನು ಪ್ರಾಣಿಗಳ ರಕ್ತನಾಳಕ್ಕೂ ಉದರಕ್ಕೂ ಚುಚ್ಚಿ ನೋಡುತ್ತಿದ್ದರು. ಪ್ರಾಣಿಗಳು ಸಾಯುತ್ತಿದ್ದವು, ಆದರೆ ಅವುಗಳಿಗೆ ಭೇದಿಯಾಗುತ್ತಿರಲಿಲ್ಲ. ಭೇದಿಯಿಲ್ಲದ ವಾಂತಿಭೇದಿಯನ್ನು ಪರೀಕ್ಷಿಸಿ ತಿಳಿಯುವುದಾದರೂ ಏನು?

ಶಂಭುನಾಥರ ಹಿರಿಮೆಯು ಇಲ್ಲಿ ಕಾಣುತ್ತದೆ. ಅವರು ಮೊದಲು ಕಾಲರಾ ರೋಗಿಗಳ ಮೂತ್ರಪಿಂಡಗಳಿಗೆ ಒದಗುವ ಹಾನಿಯನ್ನು ಪರಿಶೀಲಿಸಿ, ಕರುಳಿನಿಂದ ನೀರು ಹೋಗುವುದೇ ಅನರ್ಥಗಳಿಗೆಲ್ಲ ಮೂಲವೆಂಬ ದೃಷ್ಟಿಯನ್ನು ತಾಳಿದರು. ರೋಗವು ಕರುಳಿನದಾದರೆ ಪರೀಕ್ಷೆಯೂ ಕರುಳಿನಲ್ಲಿಯೇ ನಡೆಯಬೇಕು. ಕೇಳಲು ಅತಿ ಸರಳವೆನಿಸುವ ಈ ಮಾತನ್ನು ಅಷ್ಟು ಮಂದಿ ಪಂಡಿತರು ಕೈಬಿಟ್ಟಿದ್ದರು. ಶಂಭುನಾಥರು ಮೊಲವೊಂದರ ಉದರವನ್ನು ಶಸ್ತ್ರಕ್ರಿಯೆಯಿಂದ ತೆರೆದು, ಸಣ್ಣಕರುಳಿನ ಕೆಲವು ಅಂಗುಲಗಳಷ್ಟು ಭಾಗವನ್ನು ಎರಡು ಕಡೆಗಳಲ್ಲಿ ರೇಷ್ಮೆಯ ದಾರದಿಂದ ಬಿಗಿದು, ಆ ಮುಚ್ಚಿದ ಚೀಲದೊಳಕ್ಕೆ ಕಾಲರಾ ರೋಗಾಣುಗಳನ್ನು ಸೂಜಿಯಿಂದ ಸೇರಿಸಿ, ಉದರವನ್ನು ಹೊಲಿದುಬಿಟ್ಟರು. ಮರುದಿನ ನೋಡಿದಾಗ ಆ ಭಾಗವು ಅಕ್ಕಿ ತೊಳೆದ ನೀರಿನಂತಹ ದ್ರವದಿಂದ ಉಬ್ಬಿಕೊಂಡಿತ್ತು. ರೋಗಾಣುಗಳನ್ನು ಸೇರಿಸದೆ ಬಿಗಿದಿದ್ದ ಪಕ್ಕದ ಭಾಗವು ಬರಿದಾಗಿಯೇ ಇತ್ತು. ಸಹೋದ್ಯೋಗಿ ಡಿ. ಎನ್. ಚಟರ್ಜಿಯವರೊಡನೆ ಈ ವಿಧಾನವನ್ನು ಅವರು 1953ರಲ್ಲಿ ಪ್ರಕಟಿಸಿದರು. ಅವರು ಹುಟ್ಟಿದ 1915ರಲ್ಲಿಯೇ ಇಬ್ಬರು ಸಂಶೋಧಕರು ಇಂತಹದೇ ಪ್ರಯತ್ನವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ್ದರು. ಆದರೆ ಯಾರೂ ಮುಂದುವರಿಸದೆ ಅದು ಮರೆತುಹೋಗಿತ್ತು. ಮರೆತ ದಾರಿಯನ್ನು ಶಂಭುನಾಥರು ತಾವಾಗಿಯೇ ಮತ್ತೆ ಕಡಿದು ರಾಜಮಾರ್ಗವನ್ನಾಗಿ ಮಾಡಿದರು. ದಾರ, ಸೂಜಿ, ಮೊಲ, ತಾಳ್ಮೆ ಇವಿಷ್ಟೇ ಅದಕ್ಕೆ ಬೇಕಾಗಿದ್ದ ಮುಖ್ಯ ಸಾಮಗ್ರಿ.

1955ರಲ್ಲಿ ಅವರು ಕಲ್ಕತ್ತೆ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಮರುವರ್ಷ ಇಬ್ಬರು ಸಂಗಡಿಗರೊಡನೆ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗವು ದೂರದೃಷ್ಟಿಯುಳ್ಳದ್ದು. ಎಲ್ಲರ ಕರುಳಿನಲ್ಲಿಯೂ ನಿರಪಾಯವಾಗಿ ವಾಸಿಸುವ ಕೋಲೈ ಎಂಬ ಸೂಕ್ಷ್ಮಜೀವಿಯ ಕೆಲವು ತಳಿಗಳು, ಭೇದಿಯಾದವರಿಂದ ಸಂಗ್ರಹಿಸಿದವು, ಮೊಲದ ಕರುಳಿನಲ್ಲಿ ಕಾಲರಾ ರೋಗಾಣುವಿನಂತೆಯೇ ನೀರು ತುಂಬಿಸುತ್ತವೆಂದು ಅವರು ತೋರಿಸಿದರು. ಒಂದೇ ಜಾತಿಯ ಜೀವಿಗಳಲ್ಲಿ ಕೆಲವು ಸಾಧು, ಕೆಲವು ಘಾತುಕ. ಬೇರೆ ಬೇರೆ ಜಾತಿಯ ಎರಡು ಘಾತುಕ ಜೀವಿಗಳಿಗೆ ಒಂದೇ ಬಗೆಯ ಆಯುಧ. ಇದು ಹೇಗೆ ಸಾಧ್ಯವೆಂಬ ಒಗಟನ್ನು ಬಿಡಿಸುವ ಸಾಧನಗಳು ಆ ಕಾಲಕ್ಕೆ ಇರಲಿಲ್ಲ.

ಮಹತ್ತರವಾದ ಪ್ರಯೋಗವು 1959ರಲ್ಲಿ ಪ್ರಕಟವಾಯಿತು. ಕಾಲರಾ ರೋಗಾಣುಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಒಂದು ಜೀವಿಯೂ ಉಳಿಯದಂತೆ ಆ ದ್ರವವನ್ನು ಸೋಸಿ, ಬರಿಯ ಸೋಸಿದ ನೀರನ್ನು ಅವರು ಮೊಲದ ಕರುಳಿನ ಚೀಲಕ್ಕೆ ಸೇರಿಸಿದರು. ರೋಗಾಣುವೇ ಇಲ್ಲದಿದ್ದರೂ ಕರುಳು ದ್ರವದಿಂದ ಉಬ್ಬಿತು. ವಿಷವು ಸತ್ತ ರೋಗಾಣುವಿನ ಒಡಲಿನದಲ್ಲ, ಬದುಕಿರುವ ರೋಗಾಣುವು ಹೊರಕ್ಕೆ ಸ್ರವಿಸುವಂತಹುದು; ಅದರ ಕಾರ್ಯರಂಗವು ರಕ್ತವಲ್ಲ, ಕರುಳಿನ ಒಳಪದರ ಎಂಬುದು ಸಿದ್ಧವಾಯಿತು. ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಎರಡು ಪುಟಗಳೊಳಗೆ ಮುಗಿದ ಆ ಲೇಖನದೊಡನೆ ಕಾಕ್ ಮಹಾಶಯನ 75 ವರ್ಷಗಳ ಊಹೆಯು ನಿಜವಾಯಿತು. ಅದೇ ವರ್ಷ ಮುಂಬಯಿಯಲ್ಲಿ ಎನ್. ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳ ಮೇಲೆ ಪ್ರಯೋಗ ನಡೆಸಿ, ರೋಗಾಣುಗಳಿಂದ ತೆಗೆದ ಸಾರವು ಭೇದಿಯನ್ನುಂಟುಮಾಡುವುದೆಂದು ಬೇರೆ ದಾರಿಯಿಂದ ತೋರಿಸಿದರು. 1961ರಲ್ಲಿ ಶಂಭುನಾಥರ ಕಾಲರಾ ಕುರಿತ ಗ್ರಂಥವೂ ಹೊರಬಂದಿತು.

ಇಂತಹ ಸಾಧನೆಯ ಬಳಿಕ ಗೌರವಗಳು ತಾವಾಗಿ ಬರಬೇಕಾಗಿತ್ತು. ಬರಲಿಲ್ಲ. ವಿಷವನ್ನು ಪರಿಶುದ್ಧ ರೂಪದಲ್ಲಿ ಬೇರ್ಪಡಿಸುವ ಕಾರ್ಯವು 1969ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಫಿಂಕಲ್‌ಸ್ಟೈನ್ ಮತ್ತು ಲೊಸ್ಪಲ್ಲೂಟೊ ಎಂಬವರಿಂದ ನೆರವೇರಿತು. ಮೊಲದ ಕರುಳಿನ ವಿಧಾನವು ಜಗತ್ತಿನ ಪ್ರಯೋಗಶಾಲೆಗಳಿಗೆಲ್ಲ ಹರಡಿತು. ಅದನ್ನು ರೂಪಿಸಿದವರ ಹೆಸರನ್ನು ಅವರ ನಾಡಿನಲ್ಲಿ ಬಲ್ಲವರು ವಿರಳರಾಗಿದ್ದರು. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಯಾವ ದೊಡ್ಡ ಪ್ರಶಸ್ತಿಯೂ ಅವರ ಬಳಿ ಸುಳಿಯಲಿಲ್ಲ. ಅವರು ಯಾರ ಬಾಗಿಲನ್ನೂ ತಟ್ಟಲಿಲ್ಲ. 1973ರಲ್ಲಿ 58ನೆಯ ವಯಸ್ಸಿನಲ್ಲಿ ನಿವೃತ್ತರಾದ ಮೇಲೆಯೂ ಕಲ್ಕತ್ತೆಯ ಬೋಸ್ ಸಂಸ್ಥೆಯಲ್ಲಿ ತಮ್ಮ ಕಾಯಕವನ್ನು ಮುಂದುವರಿಸಿದರು.

1978ರಲ್ಲಿ ನೊಬೆಲ್ ಪ್ರತಿಷ್ಠಾನವು ಸ್ಟಾಕ್‌ಹೋಮ್ ನಗರದಲ್ಲಿ ಕಾಲರಾ ಮತ್ತು ತತ್ಸಂಬಂಧವಾದ ಅತಿಸಾರ ರೋಗಗಳನ್ನು ಕುರಿತು ವಿದ್ವದ್ಗೋಷ್ಠಿಯನ್ನು ಏರ್ಪಡಿಸಿ ಶಂಭುನಾಥರನ್ನು ಆಹ್ವಾನಿಸಿತು. ಅಲ್ಲಿ ಸೇರಿದ್ದ ಪಂಡಿತರಲ್ಲಿ ಅನೇಕರು ಅವರ ಪ್ರಯೋಗದ ಅಡಿಗಲ್ಲಿನ ಮೇಲೆಯೇ ತಮ್ಮ ಮನೆ ಕಟ್ಟಿದವರು. ಬಹುಕಾಲದಿಂದ ವಿಜ್ಞಾನಲೋಕದ ಪಾಲಿಗೆ ತಾವು ಮೃತರಾದಂತಿದ್ದು, ಆ ಗೋಷ್ಠಿಯಿಂದ ಮರಳಿ ಜೀವ ಬಂದಂತಾಯಿತೆಂಬ ಭಾವವನ್ನು ಅವರು ಅಲ್ಲಿ ತೋಡಿಕೊಂಡರು. ಅದರಲ್ಲಿ ಕಹಿಯಿರಲಿಲ್ಲ, ಆದರೆ ಕೇಳಿದವರ ಮನಸ್ಸು ಕಲಕದೆ ಇರುವಂತಿರಲಿಲ್ಲ. 1985ರ ಏಪ್ರಿಲ್ 15ರಂದು ಅವರು ದಿವಂಗತರಾದರು.

ಅವರ ಯೋಗ್ಯತೆಯನ್ನು ಗುರುತಿಸಿ ನೊಬೆಲ್ ಪಾರಿತೋಷಕಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೆಸರಿಸಿದವರು ಅಮೆರಿಕದ ಜೋಶುವಾ ಲೆಡರ್‌ಬರ್ಗ್. ಇವರು ಯಾರೆಂಬುದನ್ನು ತಿಳಿದರೆ ಆ ಗೌರವದ ತೂಕವು ತಿಳಿಯುತ್ತದೆ. ಸೂಕ್ಷ್ಮಜೀವಿಗಳು ಒಂದು ಎರಡಾಗಿ ಒಡೆದು ಬೆಳೆಯುವವೇ ಹೊರತು ಅವುಗಳಲ್ಲಿ ಪರಸ್ಪರ ಕೊಡುಕೊಳ್ಳುವಿಕೆಯಿಲ್ಲವೆಂದು ಹಿಂದೆ ಭಾವಿಸಲಾಗಿತ್ತು. 1946ರಲ್ಲಿ ಲೆಡರ್‌ಬರ್ಗ್ ತಮ್ಮ ಗುರು ಟೇಟಮ್ ಅವರೊಡನೆ, ಎರಡು ಕೋಲೈ ಜೀವಿಗಳು ಕೂಡಿ ವಂಶವಾಹಿಗಳನ್ನು ಹಂಚಿಕೊಳ್ಳಬಲ್ಲವೆಂದು ತೋರಿಸಿದರು. 1952ರಲ್ಲಿ ಶಿಷ್ಯ ಜಿಂಡರ್ ಅವರೊಡನೆ, ಸೂಕ್ಷ್ಮಜೀವಿಗಳನ್ನು ಮುತ್ತುವ ವೈರಸ್ಸುಗಳು ಒಂದರ ವಂಶವಾಹಿಯನ್ನು ಹೊತ್ತು ಇನ್ನೊಂದಕ್ಕೆ ತಲಪಿಸುವುವೆಂದು, ಇಲಿಗಳಿಗೆ ವಿಷಮಶೀತ ಜ್ವರದಂತಹ ರೋಗ ತರುವ ಸಾಲ್ಮೊನೆಲ್ಲಾ ಜೀವಿಯಲ್ಲಿ ಕಂಡುಕೊಂಡರು. 1958ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ಶಂಭುನಾಥರನ್ನು ಮೆಚ್ಚಿದ ಲೆಡರ್‌ಬರ್ಗರ ಶಾಸ್ತ್ರವೇ, ಶಂಭುನಾಥರು ಹಿಡಿದ ವಿಷದ ಜನ್ಮರಹಸ್ಯವನ್ನು ಮುಂದೆ ಬಿಡಿಸಿತು.

1996ರಲ್ಲಿ ಅಮೆರಿಕದ ವಾಲ್ಡರ್ ಮತ್ತು ಮೆಕಲಾನೊಸ್ ಎಂಬವರು ಒಂದು ಆಶ್ಚರ್ಯವನ್ನು ಬಯಲಿಗೆ ತಂದರು. ಕಾಲರಾ ವಿಷವನ್ನು ರಚಿಸುವ ವಂಶವಾಹಿಯು ಆ ರೋಗಾಣುವಿನ ಹುಟ್ಟುಸ್ವತ್ತಲ್ಲ. ಎಳೆಯಂತಹ ಒಂದು ವೈರಸ್ಸು ಅದನ್ನು ಹೊತ್ತು ತಂದು ರೋಗಾಣುವಿನ ವರ್ಣತಂತುವಿನೊಳಗೆ ಸೇರಿಸುತ್ತದೆ. ಮನುಷ್ಯನ ಕರುಳಿನಲ್ಲಿ ನೆಲೆಯೂರಲು ರೋಗಾಣುವು ಬೆಳೆಸಿಕೊಳ್ಳುವ ಕೂದಲಿನಂತಹ ಎಳೆಗಳನ್ನೇ ಆ ವೈರಸ್ಸು ಹಿಡಿದುಕೊಂಡು ಒಳಹೊಗುತ್ತದೆ. ಇಲಿಯ ಕರುಳಿನೊಳಗೆ ಈ ವಿನಿಮಯವು ಚೆನ್ನಾಗಿ ನಡೆಯುವುದನ್ನು ಅವರು ಕಂಡರು. ರೋಗದ ರಣರಂಗವಾದ ಕರುಳೇ ವಿಷದ ಸಂತೆಯೂ ಆಗಬಲ್ಲದು. 1956ರಲ್ಲಿ ಶಂಭುನಾಥರು ಕಂಡ ಒಗಟಿಗೂ ಇಂತಹದೇ ಉತ್ತರ ಸಿಕ್ಕಿತು. ಭೇದಿ ತರುವ ಕೋಲೈ ತಳಿಗಳ ಒಂದು ವಿಷವು ಕಾಲರಾ ವಿಷದ ಹತ್ತಿರದ ಬಂಧು. ಪ್ಲಾಸ್ಮಿಡ್ ಎಂಬ, ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟಬಲ್ಲ ಸಣ್ಣ ವಂಶವಾಹಿ ಬಳೆಯು ಅದನ್ನು ಹೊತ್ತಿರುತ್ತದೆ. ಅದು ಯಾವ ಕೋಲೈ ಜೀವಿಗೆ ಸೇರುವುದೋ ಆ ಜೀವಿಯು ಘಾತುಕವಾಗುತ್ತದೆ.

ಆದುದರಿಂದ ಕಾಲರಾ ರೋಗಾಣುವೆಂಬುದು ಏಕರೂಪವಾದ ಸೈನ್ಯವಲ್ಲ. ಅದರ ಮೈಹೊದಿಕೆಯ ಭೇದವನ್ನು ಅನುಸರಿಸಿ ಇನ್ನೂರಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಬಹುಪಾಲು ನದೀಮುಖಗಳ ಚೌಳುನೀರಿನಲ್ಲಿ ಸಣ್ಣ ಜಲಚರಗಳ ಚಿಪ್ಪಿಗೆ ಅಂಟಿಕೊಂಡು ಯಾರಿಗೂ ಕೇಡು ಬಗೆಯದೆ ಬಾಳುತ್ತವೆ. ಆ ಚಿಪ್ಪಿನ ಕೈಟಿನ್ ಎಂಬ ವಸ್ತುವಿನ ಮೇಲೆ ನೆಲೆಸಿದಾಗ ಈ ಜೀವಿಗಳು ಸುತ್ತಲಿನ ನೀರಿನಲ್ಲಿರುವ ಅನ್ಯಜೀವಿಗಳ ಡಿ.ಎನ್.ಎ.ಯನ್ನು ಹೀರಿ ತಮ್ಮದನ್ನಾಗಿ ಮಾಡಿಕೊಳ್ಳಬಲ್ಲವೆಂದು 2005ರಲ್ಲಿ ತಿಳಿದುಬಂದಿತು. ಮಹಾಮಾರಿಗಳನ್ನು ತಂದವು ಓ1 ಮತ್ತು ಓ139 ಎಂಬ ಎರಡೇ ಪಂಗಡಗಳು. ಇವುಗಳಲ್ಲಿ ಎರಡನೆಯದು 1992ರಲ್ಲಿ ಮದರಾಸಿನಲ್ಲಿ ಕಾಣಿಸಿಕೊಂಡಿತು. ಹಳೆಯ ರೋಗಾಣುವೇ ಅನ್ಯಜೀವಿಯಿಂದ ಹೊದಿಕೆಯ ವಂಶವಾಹಿಗಳನ್ನು ಪಡೆದು ವೇಷ ಬದಲಿಸಿಕೊಂಡಿತ್ತು. ಹಳೆಯ ವೇಷವನ್ನು ಮಾತ್ರ ಬಲ್ಲ ಜನರ ರೋಗನಿರೋಧ ಶಕ್ತಿಯು ಅದನ್ನು ಗುರುತಿಸಲಾರದೆ ಹೋಯಿತು. 1961ರಲ್ಲಿ ಇಂಡೊನೇಷ್ಯದಲ್ಲಿ ತಲೆಯೆತ್ತಿದ ಏಳನೆಯ ಜಾಗತಿಕ ಕಾಲರಾ ಮಾರಿಯ ತಳಿಗಳ ವಂಶಲಿಪಿಯನ್ನು ಓದಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಅವೆಲ್ಲವೂ ಒಂದೇ ಮೂಲದಿಂದ ಕವಲೊಡೆದವೆಂದೂ, ಬಂಗಾಳ ಕೊಲ್ಲಿಯ ಪ್ರದೇಶದಿಂದ ಮೂರು ಅಲೆಗಳಾಗಿ ಲೋಕಕ್ಕೆ ಹರಡಿದವೆಂದೂ ತೋರಿಸಿತು. ನಡುವೆ ಅವು ಪ್ರತಿಜೈವಿಕ ಔಷಧಗಳನ್ನು ಎದುರಿಸುವ ವಂಶವಾಹಿಗಳ ಗಂಟೊಂದನ್ನೂ ಗಳಿಸಿಕೊಂಡಿದ್ದವು. ಒಂದು ಜೀವಿ ಕಲಿತ ಕೇಡು ಇನ್ನೊಂದಕ್ಕೆ ದಾಟುವ ಈ ಬಗೆಯನ್ನು ಅರಿಯದೆ ಔಷಧಗಳನ್ನು ಬೇಕಾಬಿಟ್ಟಿ ಬಳಸಿದರೆ, ಕೊನೆಗೆ ಔಷಧವಿದ್ದೂ ಇಲ್ಲದಂತಾಗುವ ಭಯವಿದೆ.

ವಿಷವನ್ನು ಹಿಡಿದುದರ ಅಮೃತಫಲವೂ ಲೋಕಕ್ಕೆ ದೊರೆಯದಿರಲಿಲ್ಲ. ಕಾಲರಾ ವಿಷವು ಕರುಳಿನ ಒಳಪದರವನ್ನು ನಾಶಮಾಡುವುದಿಲ್ಲ. ಅದರ ಕಣಗಳಿಗೆ ಅಂಟಿಕೊಂಡು, ಉಪ್ಪುನೀರು ಹೊರಹರಿಯುವ ತೂಬನ್ನು ಮುಚ್ಚದಂತೆ ತೆರೆದಿಡುತ್ತದೆ. ಸಕ್ಕರೆಯೊಡನೆ ಉಪ್ಪನ್ನು ಒಳಕ್ಕೆ ಹೀರುವ ಬಾಗಿಲು ಮಾತ್ರ ಕೆಡದೆ ಉಳಿದಿರುತ್ತದೆ. ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ನೀರನ್ನು ಕುಡಿಸುವ ಚಿಕಿತ್ಸೆಯು ನಿಂತಿರುವುದು ಈ ತತ್ತ್ವದ ಮೇಲೆಯೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಲ್ಕತ್ತೆಯ ಡಾ. ದಿಲೀಪ್ ಮಹಲನಬೀಸ್ ಅವರು ಈ ನೀರನ್ನು ಕುಡಿಸಿ, ನೂರಕ್ಕೆ ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಕ್ಕೆ ಇಳಿಸಿದರು. ಹಳ್ಳಿಯ ತಾಯಿಯೂ ತನ್ನ ಮಗುವಿಗೆ ಕೊಡಬಹುದಾದ ಈ ಸಂಜೀವಿನಿಯ ಹಿಂದೆ ಅನೇಕರ ಶ್ರಮವಿದೆ. ವಾಂತಿಭೇದಿಯೆಂದರೆ ಕರುಳಿನ ವ್ಯಾಧಿ, ವಿಷದ ವ್ಯಾಧಿ ಎಂದು ಪ್ರಯೋಗದಿಂದ ತೋರಿಸಿದವರ ಸಾಲಿನಲ್ಲಿ ಮೊದಲ ಸ್ಥಾನವು ಶಂಭುನಾಥರದು.

ಅವರು ಕಣ್ಮರೆಯಾದ ಮರುವರ್ಷ, 1986ರಲ್ಲಿ, ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು ಕಾಲರಾ ಸಂಶೋಧನೆಯ ಚರಿತ್ರೆಯಲ್ಲಿ ಶಂಭುನಾಥರ ಸ್ಥಾನವನ್ನು ಎತ್ತಿತೋರಿಸುವ ಲೇಖನವನ್ನು ಬರೆದರು. ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯು 1990ರಲ್ಲಿ ಅವರ ಸ್ಮರಣೆಗೆ ವಿಶೇಷ ಸಂಚಿಕೆಯನ್ನು ಅರ್ಪಿಸಿತು. ಲೆಡರ್‌ಬರ್ಗರೂ ಅದರಲ್ಲಿ ಅವರ ಗುಣವನ್ನು ಕೊಂಡಾಡಿದರು. ಬದುಕಿದ್ದಾಗ ಸಲ್ಲಬೇಕಾಗಿದ್ದ ಋಣದ ಅಲ್ಪಭಾಗವನ್ನಾದರೂ ಕನ್ನಡನಾಡಿನ ನೆಲದಿಂದ ಹೊರಟ ಪತ್ರಿಕೆಯೊಂದು ತೀರಿಸಿತೆಂಬುದು ಸಮಾಧಾನದ ಸಂಗತಿ.

ಕಾಯಕವು ಫಲವನ್ನು ನೋಡಿ ಮಾಡುವಂತಹುದಲ್ಲವೆಂಬುದಕ್ಕೆ ಶಂಭುನಾಥರ ಬಾಳು ನಿದರ್ಶನ. ಆದರೆ ಕಾಯಕಜೀವಿಯು ಮನ್ನಣೆಯನ್ನು ಬೇಡಲಿಲ್ಲವೆಂಬುದು ಮನ್ನಣೆ ಮಾಡದಿದ್ದವರಿಗೆ ಸಮಾಧಾನವಾಗಲಾರದು. ಗರಿಬಾಟಿಯ ಹುಡುಗನನ್ನು ಶಾಲೆಯಲ್ಲಿ ಗುರುತಿಸಿದವರಿದ್ದರು, ಅವನ ಓದಿಗೆ ಹಣ ಕೊಟ್ಟವರಿದ್ದರು. ಅವನು ಬೆಳೆದು ಲೋಕಕ್ಕೆ ಉಪಕಾರ ಮಾಡಿದಾಗ ಗುರುತಿಸಬೇಕಾಗಿದ್ದ ದೊಡ್ಡವರು ಕಣ್ಣು ತೆರೆಯಲಿಲ್ಲ. ಸೂಕ್ಷ್ಮಜೀವಿಗಳು ಕೊಡುಕೊಳ್ಳುವುದರಿಂದ ಬಲವನ್ನು ಪಡೆಯುತ್ತವೆ. ಮನುಷ್ಯರ ವಿದ್ಯೆಯೂ ಬೆಳೆಯುವುದು ಹಾಗೆಯೇ. ಅಣ್ಣನ ಮಗನ ಪುಸ್ತಕದ ವೆಚ್ಚವನ್ನು ವಹಿಸಿದ ಚಿಕ್ಕಪ್ಪನಿಂದ ಹಿಡಿದು, ಮೊಲದ ಕರುಳಿಗೆ ದಾರ ಬಿಗಿದ ಕೈಯವರೆಗೆ, ಅಲ್ಲಿಂದ ನಿರಾಶ್ರಿತರ ಶಿಬಿರದಲ್ಲಿ ಮಗುವಿನ ಬಾಯಿಗೆ ಉಪ್ಪುಸಕ್ಕರೆಯ ನೀರು ಹಿಡಿದ ತಾಯಿಯವರೆಗೆ, ಆ ಕೊಡುವಿಕೆಯ ಸರಪಳಿಯು ಎಲ್ಲಿಯೂ ಕಡಿಯಲಿಲ್ಲ. ಕಡಿಯದಂತೆ ಅದನ್ನು ಕಾಪಾಡುವ ಹೊಣೆಯು ಗ್ರಾಮಗ್ರಾಮಗಳ ಶಾಲೆಗಳಲ್ಲಿ ಪಾಠ ಹೇಳುವವರದು, ಆ ಶಾಲೆಗಳಿಗೆ ದಾಸೋಹಭಾವದಿಂದ ಕೊಡುವವರದು, ಅಲ್ಲಿ ಕಲಿತು ಹೊರಗೆ ಹೋದವರದು.